10ನೇ ಸಂಖ್ಯೆಯ ಮೊದಲ ಹಕ್ಕು ಪೆಲೆಯವರದು

ಮಾನ್ಯ ಸಂಪಾದಕರೇ,

10ನೇ ಸಂಖ್ಯೆಯ ಜೆರ್ಸಿ ತೊಟ್ಟವರಲ್ಲಿ ಶ್ರೇಷ್ಠರು ಯಾರೆಂಬ ಚರ್ಚೆ, ಏಳೇಳು ಮಂದಿಯ ತಂಡಗಳು ಆಡುವ ಸೆವೆನ್ಸ್ ಫುಟ್ಬಾಲಿನ ಹುಚ್ಚು ಹತ್ತಿಸಿಕೊಂಡಿರುವ ನಮ್ಮ ಕಾಸರಗೋಡಿನಲ್ಲಿ ಕನ್ನಡ, ತುಳು, ಮಲಯಾಳವೆಂಬ ಭೇದವಿಲ್ಲದೆ ನಡೆಯುತ್ತಲೇ ಇರುತ್ತದೆ. ಆದರೆ ಕಿರಿಯರ ಮಾತು ಮೆಸ್ಸಿಯಿಂದ ಆರಂಭವಾಗಿ ಅಲ್ಲಿಯೇ ಮುಗಿಯುವುದು ನನಗೆ ನೋವಿನ ಸಂಗತಿ.

1958ರಲ್ಲಿ ಸ್ವೀಡನ್‌ನಲ್ಲಿ 17ರ ಹರೆಯದ ಬ್ರೆಜಿಲ್ ಆಟಗಾರ ಪೆಲೆ ಈ ಸಂಖ್ಯೆಯನ್ನು ಬೆನ್ನಿಗೇರಿಸಿಕೊಂಡು ವಿಶ್ವಕಪ್ ಫೈನಲ್‌ನಲ್ಲಿ ಎರಡು ಗೋಲು ಹೊಡೆಯುವ ತನಕ ಅದು ಬಹುಮಟ್ಟಿಗೆ ಮುಂಪಡೆಯ ಒಂದು ಸ್ಥಾನವನ್ನು ಸೂಚಿಸುವ ಅಂಕಿಯಷ್ಟೇ ಆಗಿತ್ತು; 1970ರಲ್ಲಿ ಅವರು ಮೂರನೆಯ ವಿಶ್ವಕಪ್ ಗೆಲ್ಲುವ ಹೊತ್ತಿಗೆ ಜಗತ್ತಿನ ಪ್ರತಿಯೊಬ್ಬ ಬಾಲಕನೂ ಬಯಸುವ ಗೌರವವಾಗಿತ್ತು.

1986ರಲ್ಲಿ ಇಂಗ್ಲೆಂಡ್ ವಿರುದ್ಧ ತಮ್ಮ ಅಂಕಣಾರ್ಧದಿಂದಲೇ ಚೆಂಡನ್ನೊಯ್ದು ಗೋಲು ಬಾರಿಸಿದ ಅರ್ಜೆಂಟೀನಾದ ಮರಡೋನಾ ಅವರನ್ನು ಪೆಲೆಯವರ ಪಕ್ಕದಲ್ಲೇ ಕೂರಿಸಬೇಕು. ಅವರ ಗೌರವಾರ್ಥ ಇಟಲಿಯ ನಾಪೋಲಿ ಕ್ಲಬ್ ಆ ಸಂಖ್ಯೆಯನ್ನು ಬೇರಾರಿಗೂ ಕೊಡದೆ ನಿವೃತ್ತಿಗೊಳಿಸಿದೆ. 2022ರಲ್ಲಿ ಕತಾರ್‌ನಲ್ಲಿ ವಿಶ್ವಕಪ್ ಎತ್ತಿದ ಮೆಸ್ಸಿಯವರ ಸಾಧನೆ ಕಿರಿದಲ್ಲ, ಆದರೆ ಅವರು ತೊಟ್ಟದ್ದು ಈ ಇಬ್ಬರು ಬೆಲೆ ತಂದುಕೊಟ್ಟ ಅಂಗಿಯನ್ನು.

ಕ್ರಿಕೆಟಿನಲ್ಲಿ 10ನೇ ಸಂಖ್ಯೆಯ ಜೆರ್ಸಿ ತೊಟ್ಟಿದ್ದ ಸಚಿನ್ ತೆಂಡೂಲ್ಕರ್ ಅವರನ್ನು ಇದೇ ಸಾಲಿಗೆ ಸೇರಿಸುವವರೂ ಇದ್ದಾರೆ. ಅವರ 100 ಅಂತಾರಾಷ್ಟ್ರೀಯ ಶತಕಗಳಿಗೆ ತಲೆಬಾಗುತ್ತೇನೆ. ಆದರೂ ಕ್ರಿಕೆಟಿನಲ್ಲಿ ಸಂಖ್ಯೆಯು ಆಟಗಾರನ ಹೊಣೆಯನ್ನು ಸೂಚಿಸುವುದಿಲ್ಲವಾದ್ದರಿಂದ ಈ ಹೋಲಿಕೆ ಸರಿಯೆನಿಸುವುದಿಲ್ಲ.

– ಓರ್ವ ಓದುಗ, ಕುಂಬಳೆ, ಕಾಸರಗೋಡು ಜಿಲ್ಲೆ