ಡಿಸ್ಕ್ ಮೇಲಿನ ಜಿಬಿ ಬೇರೆ, ಪರದೆಯ ಜಿಬಿ ಬೇರೆ

ಮಾನ್ಯ ಸಂಪಾದಕರೇ,

ಒಂದು ಡಿವಿಡಿ 6.7 ಸಿಡಿಗಳಿಗೆ ಸಮ ಎಂಬ ಲೆಕ್ಕ ತಂತ್ರಜ್ಞಾನ ಬರಹಗಳಲ್ಲಿ ಆಗಾಗ ಕಾಣುತ್ತದೆ. 4700ನ್ನು 700ರಿಂದ ಭಾಗಿಸಿದ ಈ ಲೆಕ್ಕ ತಪ್ಪು. ಸಿಡಿಯ 700 ಎಂಬಿ 1024ರ ಲೆಕ್ಕದ್ದು (1024 ಬೈಟ್ ಒಂದು ಕೆಬಿ, 1024 ಕೆಬಿ ಒಂದು ಎಂಬಿ), ಡಿವಿಡಿಯ 4.7 ಜಿಬಿ 1000ದ ಲೆಕ್ಕದ್ದು (ಪ್ರತಿ ಹಂತಕ್ಕೂ 1000). ಅಳತೆಗೋಲೇ ಬೇರೆ!

ಹೋಲಿಸುವುದಾದರೆ ಬೈಟ್‌ಗಳಲ್ಲೇ ಹೋಲಿಸಬೇಕು. 80 ನಿಮಿಷದ ಸಿಡಿಯಲ್ಲಿ ಸೆಕೆಂಡಿಗೆ 75ರಂತೆ 3,60,000 ಸೆಕ್ಟರ್ (ದತ್ತಾಂಶ ಬರೆಯುವ ಚಿಕ್ಕ ಖಾನೆ), ಸೆಕ್ಟರ್‌ಗೆ 2048 ಬೈಟ್ ದತ್ತಾಂಶ, ಒಟ್ಟು 73,72,80,000. ಒಂದು ಪದರದ ಡಿವಿಡಿ ಪ್ಲಸ್ ಆರ್‌ನಲ್ಲಿ (DVD+R, ನಾವೇ ಬರೆಯಬಹುದಾದ ಡಿವಿಡಿಯ ಒಂದು ಬಗೆ) 4,70,03,72,992 ಬೈಟ್. ಅನುಪಾತ ಸುಮಾರು 6.38. ಪೂರ್ತಿ ತುಂಬಿದ ಆರು ಸಿಡಿ ಹಿಡಿಯುತ್ತವೆ, ಏಳನೆಯದು ಹಿಡಿಯದು. ಬ್ಲೂ-ರೇಯ 25 ಜಿಬಿಯೂ 1000ದ ಲೆಕ್ಕದ್ದೇ ಆದ್ದರಿಂದ ಅದನ್ನು 4.7ರಿಂದ ನೇರವಾಗಿ ಭಾಗಿಸಬಹುದು: ಸುಮಾರು 5.3 ಡಿವಿಡಿ.

ವಿಂಡೋಸ್ 1024ರ ಲೆಕ್ಕ ಹಿಡಿದು, ಅದನ್ನೂ ಜಿಬಿ ಎಂದೇ ತೋರಿಸುತ್ತದೆ. 1024ರ ಲೆಕ್ಕದ ಜಿಬಿ 1000ದ ಲೆಕ್ಕದ ಜಿಬಿಯ 1.074 ಪಟ್ಟು ಇರುವುದರಿಂದ, ಡಿಸ್ಕ್ ಮೇಲಿನ ಸಂಖ್ಯೆಯನ್ನು 1.074ರಿಂದ ಭಾಗಿಸಿದರೆ ಪರದೆಯ ಸಂಖ್ಯೆ ಸಿಗುತ್ತದೆ: 4.7 ಎಂಬುದು 4.38, ಎರಡು ಪದರದ ಡಿವಿಡಿಯ 8.5 ಎಂಬುದು 7.9, ಬ್ಲೂ-ರೇಯ 25 ಎಂಬುದು 23.3. ಹಾಗಾಗಿ ವಿಂಡೋಸ್‌ನಲ್ಲಿ 4.5 ಜಿಬಿ ಎಂದು ಕಾಣುವ ಫೋಲ್ಡರ್ 4.7ರ ಡಿವಿಡಿಗೆ ಹಿಡಿಸದು. ತಯಾರಕರನ್ನು ದೂರಿ ಫಲವಿಲ್ಲ. ಈಚಿನ ಮ್ಯಾಕ್‌ಗಳಲ್ಲಿ 1000ದ ಲೆಕ್ಕವೇ ಇರುವುದರಿಂದ ಈ ಭಾಗಾಕಾರ ಬೇಡ.

ಇನ್ನೊಂದು ತೊಡಕು ಇದಕ್ಕಿಂತ ಸೂಕ್ಷ್ಮ. ಬರೆಯುವ ಡಿವಿಡಿಯ ಇನ್ನೊಂದು ಬಗೆಯಾದ ಡಿವಿಡಿ ಮೈನಸ್ ಆರ್‌ನಲ್ಲಿ (DVD-R) ಪ್ಲಸ್‌ಗಿಂತ 3,392 ಸೆಕ್ಟರ್ ಹೆಚ್ಚು, ಅಂದರೆ ಸುಮಾರು 69 ಲಕ್ಷ ಬೈಟ್. ಅಂಚಿನವರೆಗೆ ತುಂಬಿದ ಮೈನಸ್ ಡಿಸ್ಕಿನ ಇಮೇಜನ್ನು (ಇಡೀ ಡಿಸ್ಕಿನ ಪ್ರತಿಯಾದ ಒಂದೇ ಫೈಲನ್ನು) ಪ್ಲಸ್ ಡಿಸ್ಕಿಗೆ ಬರೆಯಲು ಹೋದರೆ ಜಾಗ ಸಾಲದು. ಬರೆಯುವ ಮೊದಲು ಫೈಲಿನ ಪ್ರಾಪರ್ಟೀಸ್‌ನಲ್ಲಿ ಬೈಟ್ ಸಂಖ್ಯೆ ನೋಡಿಕೊಳ್ಳುವುದು ಕ್ಷೇಮ.

— ಓದುಗ