‘ಗಮನದ ಪುಸ್ತಕ’ದ ಕುರಿತು ಪೋಷಕರಿಗೆ ಪತ್ರ

ಇವರಿಗೆ: ಒಂಬತ್ತನೇ ತರಗತಿಯ ಎಲ್ಲ ವಿದ್ಯಾರ್ಥಿಗಳ ಪೋಷಕರಿಗೆ
ವಿಷಯ: ಗಮನದ ಪುಸ್ತಕವನ್ನು ನಿಲ್ಲಿಸುವಂತೆ ಅಥವಾ ಮನೆಗೆ ಕಳುಹಿಸುವಂತೆ ಕೋರಿ ಬಂದಿರುವ ಮನವಿಯ ಬಗ್ಗೆ

ಮಾನ್ಯ ಪೋಷಕರೇ,

ನಮಸ್ಕಾರಗಳು. ಕಳೆದ ಶನಿವಾರದ ಪೋಷಕರ ಸಭೆಯಲ್ಲಿ ಮಕ್ಕಳು ತಮ್ಮದೇ ಒಂದು ಅಭ್ಯಾಸವನ್ನು ಗಮನಿಸಿ ತರಗತಿಯಲ್ಲಿ ಬರೆಯುವ ಗಮನದ ಪುಸ್ತಕದ ವಿಚಾರ ಬಂದಾಗ ಮಾತು ಸ್ವಲ್ಪ ಏರಿತು, ಸಭೆ ಸಮಾಧಾನದಿಂದ ಮುಗಿಯಲಿಲ್ಲ. ಸೋಮವಾರ ಬೆಳಿಗ್ಗೆ ಹದಿನಾಲ್ಕು ಮಂದಿ ಪೋಷಕರ ಸಹಿಯಿದ್ದ ಮನವಿ ನನ್ನ ಮೇಜಿನ ಮೇಲಿತ್ತು. ಅದರಲ್ಲಿ ಎರಡು ಬೇಡಿಕೆಗಳಿವೆ. ಪುಸ್ತಕ ಬರೆಸುವುದನ್ನು ನಿಲ್ಲಿಸಬೇಕು. ನಿಲ್ಲಿಸದಿದ್ದರೆ ಪ್ರತಿ ವಾರ ಅದನ್ನು ಮನೆಗೆ ಕಳುಹಿಸಿ ಪೋಷಕರ ಸಹಿ ಪಡೆಯಬೇಕು. ಮೊದಲನೆಯದಕ್ಕೆ ವಿವರಣೆ ಕೊಡುವುದು ನನ್ನ ಕರ್ತವ್ಯ. ಎರಡನೆಯದನ್ನು ಒಪ್ಪಲು ನನ್ನಿಂದ ಆಗುತ್ತಿಲ್ಲ, ಅದರ ಕಾರಣವನ್ನು ಹೇಳುವುದಕ್ಕೇ ಈ ಪತ್ರ ಉದ್ದವಾಗಿದೆ.

ಮೊದಲು ನಮ್ಮ ಕಡೆಯ ತಪ್ಪು. ಪುಸ್ತಕಗಳನ್ನು ಬೀರುವಿನಿಂದ ತೆಗೆದು ಹಂಚುವಾಗ ಒಂದು ಮಗುವಿನ ಪುಸ್ತಕ ಬೇರೆಯವರ ಕೈಗೆ ಹೋಯಿತು. ಅದರಲ್ಲಿದ್ದ ಮನೆಯ ವಿಚಾರದ ಒಂದು ಸಾಲನ್ನು ನಾಲ್ಕೈದು ಮಕ್ಕಳು ಓದಿ ನಕ್ಕರು. ಇದು ನಡೆಯಬಾರದಾಗಿತ್ತು. ಆ ಮಗುವಿನ ಮನೆಗೆ ಹೋಗಿ ನಾನು ಮತ್ತು ತರಗತಿ ಶಿಕ್ಷಕಿ ಕ್ಷಮೆ ಕೇಳಿದ್ದೇವೆ, ನಕ್ಕ ಮಕ್ಕಳೊಡನೆಯೂ ಮಾತನಾಡಿದ್ದೇವೆ. ಇನ್ನು ಮುಂದೆ ಪುಸ್ತಕಗಳು ಬೀರುವಿನಲ್ಲಿ ಇರುವುದಿಲ್ಲ. ಮಗುವಿನ ಪುಸ್ತಕ ಮಗುವಿನ ಚೀಲದಲ್ಲೇ ಇರುತ್ತದೆ. ಶಿಕ್ಷಕರು ಪುಟದ ಮೇಲಿನ ದಿನಾಂಕವನ್ನಷ್ಟೇ ನೋಡುತ್ತಾರೆ, ಕೆಳಗೆ ಬರೆದದ್ದನ್ನು ಓದುವುದಿಲ್ಲ. ಈ ಘಟನೆಯನ್ನು ಮುಂದಿಟ್ಟುಕೊಂಡು ಪುಸ್ತಕವೇ ಬೇಡ ಎನ್ನುವವರ ನೋವು ನನಗೆ ಅರ್ಥವಾಗುತ್ತದೆ. ಆದರೆ ಅಂದು ತಪ್ಪಿದ್ದು ಪುಸ್ತಕವನ್ನು ಕಾಯುವ ಕೆಲಸದಲ್ಲಿ. ಬರೆಯುವ ಕೆಲಸದಲ್ಲಿ ತಪ್ಪಿರಲಿಲ್ಲ ಎಂಬುದನ್ನು ತಾವು ದಯವಿಟ್ಟು ಗಮನಿಸಬೇಕು.

ಪುಸ್ತಕದಲ್ಲಿ ಏನಿದೆ ಎಂಬ ಬಗ್ಗೆ ಸಭೆಯಲ್ಲಿ ಹಲವು ಊಹೆಗಳು ಕೇಳಿಬಂದವು. ಅದು ತಪ್ಪೊಪ್ಪಿಗೆಯ ಪುಸ್ತಕವಲ್ಲ. ವಾರದಲ್ಲಿ ಮೂರು ದಿನ, ಕೊನೆಯ ಅವಧಿಯ ಕೊನೆಯ ಹತ್ತು ನಿಮಿಷ, ಪ್ರತಿ ಮಗುವೂ ತಾನೇ ಆರಿಸಿಕೊಂಡ ಒಂದೇ ಒಂದು ಅಭ್ಯಾಸದ ಬಗ್ಗೆ ಬರೆಯುತ್ತದೆ. ಅದು ಉಗುರು ಕಚ್ಚುವುದಿರಬಹುದು, ಊಟವಾದ ಮೇಲೆ ಹೊದಿಕೆಯೊಳಗೆ ಮೊಬೈಲ್ ನೋಡುವುದಿರಬಹುದು, ಮನೆಗೆಲಸದ ಲೆಕ್ಕವನ್ನು ಬೆಳಿಗ್ಗೆ ಪಕ್ಕದವರ ಪುಸ್ತಕ ನೋಡಿ ಇಳಿಸಿಕೊಳ್ಳುವುದಿರಬಹುದು. ಅದು ಯಾವಾಗ ಆಯಿತು, ಎಲ್ಲಿ ಆಯಿತು, ಅದಕ್ಕೆ ಸ್ವಲ್ಪ ಮುಂಚೆ ಏನು ನಡೆದಿತ್ತು, ಇಷ್ಟನ್ನು ಮಾತ್ರ ಬರೆಯಬೇಕು. ‘ಇನ್ನು ಮುಂದೆ ಹೀಗೆ ಮಾಡುವುದಿಲ್ಲ’ ಎಂದು ಬರೆಯಕೂಡದು ಎಂಬ ನಿಯಮವನ್ನು ನಾವೇ ಮಾಡಿದ್ದೇವೆ. ಈ ನಿಯಮ ಕೇಳಿ ಸಭೆಯಲ್ಲಿ ಹಿರಿಯರೊಬ್ಬರು ಜೋರಾಗಿ ನಕ್ಕದ್ದನ್ನು ನಾನು ಮರೆತಿಲ್ಲ.

‘ಹುಟ್ಟುಗುಣ ಸುಟ್ಟರೂ ಹೋಗದು, ಬರೆದರೆ ಹೋಗುತ್ತದೆಯೇ’ ಎಂದೂ ಅವರು ಕೇಳಿದರು. ಗಾದೆಯ ಮೇಲೆ ನನಗೆ ಗೌರವವಿದೆ. ಆದರೆ ಉಗುರು ಕಚ್ಚುವುದು ಹುಟ್ಟುಗುಣವಲ್ಲ, ಅಂಟಿಕೊಂಡ ಅಭ್ಯಾಸ. ಕಚ್ಚುವ ಮಗುವಿಗೆ ಬಹಳ ಸಲ ತಾನು ಕಚ್ಚುತ್ತಿರುವುದೇ ತಿಳಿದಿರುವುದಿಲ್ಲ. 1973ರಲ್ಲಿ ನೇಥನ್ ಅಜ್ರಿನ್ ಮತ್ತು ಗ್ರೆಗರಿ ನನ್ ಎಂಬ ಅಮೆರಿಕದ ಮನೋವಿಜ್ಞಾನಿಗಳು ಇಂಥ ಅಭ್ಯಾಸಗಳನ್ನು ಬಿಡಿಸುವ ವಿಧಾನವೊಂದನ್ನು ಪ್ರಕಟಿಸಿದರು. ಅದು ಇಂದಿಗೂ ಬಳಕೆಯಲ್ಲಿದೆ. ಅದರ ಮೊದಲ ಹಂತವೇ ಕೈ ಬಾಯಿಯ ಕಡೆಗೆ ಹೊರಟದ್ದನ್ನು ತಾನೇ ಹಿಡಿಯಲು ಕಲಿಯುವುದು. ಕೈಯನ್ನು ಮುಷ್ಟಿ ಮಾಡಿ ಸ್ವಲ್ಪ ಹೊತ್ತು ಬಿಗಿಹಿಡಿಯುವಂಥ ಬದಲಿ ಕ್ರಿಯೆ ಅದರ ನಂತರ ಬರುತ್ತದೆ. ಹೊರಟದ್ದೇ ತಿಳಿಯದ ಕೈಯನ್ನು ತಡೆಯುವುದಾದರೂ ಹೇಗೆ?

ಬರೀ ‘ಮಾಡಬೇಡ’ ಎನ್ನುವುದರಿಂದ ಏನಾಗುತ್ತದೆ ಎಂಬುದು ನಮ್ಮ ಹಳ್ಳಿಯವರಿಗೂ ಗೊತ್ತಿತ್ತು. ಮದ್ದು ಕುಡಿಯುವಾಗ ಮಂಗನನ್ನು ನೆನೆಯಬೇಡ ಎಂದು ಪಂಡಿತರು ಹೇಳಿ ಕಳುಹಿಸಿದರೆ, ಲೋಟ ಕೈಗೆ ಬಂದೊಡನೆ ಮಂಗನೇ ಎದುರು ನಿಲ್ಲುತ್ತದೆ. 1987ರಲ್ಲಿ ಡೇನಿಯಲ್ ವೆಗ್ನರ್ ಮತ್ತು ಸಂಗಡಿಗರು ಅಮೆರಿಕದಲ್ಲಿ ಇದನ್ನೇ ಬಿಳಿ ಕರಡಿಯ ಹೆಸರಿನಲ್ಲಿ ಪರೀಕ್ಷಿಸಿದರು. ಬಿಳಿ ಕರಡಿಯನ್ನು ನೆನೆಯಬೇಡಿ, ನೆನಪಾದರೆ ಗಂಟೆ ಬಾರಿಸಿ ಎಂದಾಗ ವಿದ್ಯಾರ್ಥಿಗಳು ಮತ್ತೆ ಮತ್ತೆ ಗಂಟೆ ಬಾರಿಸಬೇಕಾಯಿತು. ನಮ್ಮ ಮಕ್ಕಳಿಗೆ ದಿನಕ್ಕೆ ಹತ್ತು ಸಲ ‘ಮೊಬೈಲ್ ಮುಟ್ಟಬೇಡ’ ಎನ್ನುವಾಗ ನಾವು ಮಾಡುತ್ತಿರುವುದು ಇದನ್ನೇ. ನಾನೂ ಮಾಡಿದ್ದೇನೆ, ನನ್ನ ಮನೆಯಲ್ಲಿ.

ನನ್ನದೇ ಒಂದು ಸಂಗತಿ ಹೇಳಬೇಕು. ಪಾಠದ ನಡುವೆ ‘ಅರ್ಥ ಆಯ್ತಾ’ ಎನ್ನುವುದು ನನಗೆ ರೂಢಿ. ಹಿಂದಿನ ವರ್ಷ ಹಿಂದಿನ ಬೆಂಚಿನವರು ಎಣಿಸಿ, ಒಂದೇ ಅವಧಿಯಲ್ಲಿ ನಲವತ್ತೊಂದು ಸಲ ಎಂದು ಕಪ್ಪುಹಲಗೆಯ ಮೂಲೆಯಲ್ಲಿ ಬರೆದಿಟ್ಟಿದ್ದರು. ಮೊದಲು ಸಿಟ್ಟು ಬಂತು. ಆಮೇಲೆ ನಾನೇ ಒಂದು ಚೀಟಿಯಲ್ಲಿ ಗೀರು ಹಾಕತೊಡಗಿದೆ. ಎರಡು ವಾರ ಕಳೆದಾಗ, ಮುಂದಿನ ವಾಕ್ಯ ಹೊಳೆಯದಿದ್ದಾಗಲೆಲ್ಲ ನಾನು ಆ ಮಾತು ಆಡುತ್ತೇನೆಂದು ತಿಳಿಯಿತು. ಮಕ್ಕಳಿಗೆ ಅರ್ಥವಾಯಿತೋ ಇಲ್ಲವೋ ಎಂಬ ಕಾಳಜಿಗೂ ಅದಕ್ಕೂ ಸಂಬಂಧವೇ ಇರಲಿಲ್ಲ. ಈಗಲೂ ಪೂರ್ತಿ ಬಿಟ್ಟಿಲ್ಲ, ಕಡಿಮೆಯಾಗಿದೆ.

ಇನ್ನೊಂದು ನಿದರ್ಶನವನ್ನು ವಿದ್ಯಾರ್ಥಿ ಹಾಗೂ ಅವನ ಪೋಷಕರ ಒಪ್ಪಿಗೆ ಪಡೆದು, ಹೆಸರಿಲ್ಲದೆ ಬರೆಯುತ್ತಿದ್ದೇನೆ. ‘ನನಗೆ ಗಣಿತ ಬರುವುದಿಲ್ಲ’ ಎಂಬುದು ಐದಾರು ವರ್ಷಗಳಿಂದ ಅವನ ಮನಸ್ಸಿನಲ್ಲಿ ಕೂತಿದ್ದ ಮಾತು. ಮನೆಯವರೂ ಅದನ್ನು ಒಪ್ಪಿಕೊಂಡಿದ್ದರು, ನಮ್ಮಲ್ಲಿ ಕೆಲವು ಶಿಕ್ಷಕರೂ ಒಪ್ಪಿಕೊಂಡಿದ್ದರು ಎಂಬುದನ್ನು ಮುಚ್ಚಿಡುವುದಿಲ್ಲ. ಲೆಕ್ಕದ ಪುಸ್ತಕವನ್ನು ಅರ್ಧಕ್ಕೆ ಮುಚ್ಚುವುದನ್ನು ಅವನು ತನ್ನ ಅಭ್ಯಾಸವಾಗಿ ಆರಿಸಿಕೊಂಡ. ಮೂರು ವಾರ ಬರೆದ ಮೇಲೆ ತಾನೇ ಗಣಿತ ಶಿಕ್ಷಕರ ಬಳಿ ಬಂದು, ಪುಸ್ತಕ ಮುಚ್ಚಿದ ಹನ್ನೊಂದು ಸಲದಲ್ಲಿ ಒಂಬತ್ತು ಸಲ ಲೆಕ್ಕದಲ್ಲಿ ಭಿನ್ನರಾಶಿ ಇತ್ತು ಎಂದ. ರೇಖಾಗಣಿತದಲ್ಲಿ ಒಂದು ಸಲವೂ ಮುಚ್ಚಿರಲಿಲ್ಲ. ಅಲ್ಲಿಗೆ ‘ಗಣಿತ ಬರುವುದಿಲ್ಲ’ ಎಂಬ ಗೋಡೆ ಕುಸಿದು, ಛೇದಗಳು ಬೇರೆಯಾದಾಗ ಕೂಡುವುದು ಹೇಗೆ ಎಂಬ ಚಿಕ್ಕ ತೊಡಕು ಮಾತ್ರ ಉಳಿಯಿತು. ಈಗ ಅವನು ಸಂಜೆ ಅರ್ಧ ಗಂಟೆ ಕೆಳಗಿನ ತರಗತಿಯ ಭಿನ್ನರಾಶಿ ಮಾಡುತ್ತಿದ್ದಾನೆ. ಕಿರುಪರೀಕ್ಷೆಯಲ್ಲಿ ಪಾಸಾದನೇ ಎಂದು ಕೇಳಿದರೆ, ಇಲ್ಲ, ಎರಡು ಅಂಕ ಕಡಿಮೆ ಬಿತ್ತು. ಆದರೆ ಉತ್ತರ ಪತ್ರಿಕೆಯಲ್ಲಿ ಈ ಸಲ ಖಾಲಿ ಬಿಟ್ಟ ಪುಟ ಇರಲಿಲ್ಲ.

ಇನ್ನು ಸಹಿಯ ವಿಚಾರ. ನಮ್ಮ ಮಗು ಬರೆದದ್ದನ್ನು ನಾವು ಓದಬಾರದೇ ಎಂಬ ಪ್ರಶ್ನೆಯ ಹಿಂದಿರುವ ಆತಂಕವನ್ನು ನಾನು ಹಗುರವಾಗಿ ಕಾಣುವುದಿಲ್ಲ. ಶುಲ್ಕ ಕಟ್ಟುವವರು ತಾವು, ರಾತ್ರಿ ಜ್ವರ ಬಂದರೆ ಎದ್ದು ಕೂರುವವರು ತಾವು. ಮಗುವನ್ನು ತಮ್ಮಿಂದ ದೂರ ಮಾಡುವ ಉದ್ದೇಶ ಶಾಲೆಗೆ ಇಲ್ಲ. ಆದರೂ ಸಹಿ ಬೇಡ ಎನ್ನುತ್ತಿದ್ದೇನೆ. ಮೊದಲ ತಿಂಗಳು ಈ ಪುಸ್ತಕಗಳನ್ನು ತರಗತಿ ಶಿಕ್ಷಕಿ ಓದುತ್ತಿದ್ದರು. ಆಗ ಬಂದ ಬರಹಗಳು ಹೇಗಿದ್ದವೆಂದರೆ, ‘ಇಂದು ಬೆಳಿಗ್ಗೆ ಐದು ಗಂಟೆಗೆ ಎದ್ದು ಓದಿದೆ. ಮೊಬೈಲ್ ಮುಟ್ಟಲಿಲ್ಲ. ಅಮ್ಮನಿಗೆ ಸಹಾಯ ಮಾಡಿದೆ.’ ಇಡೀ ತರಗತಿಯೇ ಒಂದು ತಿಂಗಳು ಐದು ಗಂಟೆಗೆ ಎದ್ದಿತ್ತು! ಓದುವುದನ್ನು ನಿಲ್ಲಿಸಿದ ಮೇಲೆ ಇಬ್ಬರು ತಾವಾಗಿಯೇ ಬಂದು, ಹಿಂದೆ ಬರೆದದ್ದೆಲ್ಲ ಟೀಚರಿಗಾಗಿ ಬರೆದದ್ದು ಎಂದರು. ಮಕ್ಕಳನ್ನು ಸುಳ್ಳುಗಾರರೆನ್ನುತ್ತಿಲ್ಲ. ಯಾರೋ ಓದುತ್ತಾರೆಂದು ತಿಳಿದಾಗ ನಾವು ದೊಡ್ಡವರೂ ಹೀಗೆಯೇ ಬರೆಯುತ್ತೇವೆ. ಪ್ರಗತಿ ಪತ್ರಕ್ಕೆ ಅಪ್ಪನ ಸಹಿಯನ್ನು ತಾವೇ ಹಾಕಿಕೊಂಡವರು ನಮ್ಮ ತಲೆಮಾರಿನಲ್ಲೂ ಇದ್ದರು ಎಂಬುದನ್ನು ಸಭೆಯಲ್ಲಿ ಹೇಳಲು ಸಂಕೋಚವಾಯಿತು, ಇಲ್ಲಿ ಹೇಳುತ್ತಿದ್ದೇನೆ.

ಮಗು ತನ್ನನ್ನು ತಾನು ನೋಡಿಕೊಳ್ಳುವ ಜಾಗದಲ್ಲಿ ಇನ್ನೊಬ್ಬರು ಬಂದು ನಿಂತರೆ, ಅದು ಅವರ ಮುಖವನ್ನೇ ನೋಡತೊಡಗುತ್ತದೆ. ಆ ಇನ್ನೊಬ್ಬರು ಶಿಕ್ಷಕರಾದರೂ ಅಷ್ಟೇ, ತಂದೆತಾಯಿಯಾದರೂ ಅಷ್ಟೇ. ನಾವು ಓದುವುದನ್ನು ಬಿಟ್ಟಿದ್ದೇವೆ. ಆದ್ದರಿಂದಲೇ ತಮ್ಮನ್ನೂ ಕೇಳಿಕೊಳ್ಳುವ ಧೈರ್ಯ ಮಾಡುತ್ತಿದ್ದೇನೆ. ಮನೆಯವರಿಗೆ ಪಾಲೇ ಇಲ್ಲವೆಂದು ಇದರ ಅರ್ಥವಲ್ಲ. ಮೇಲೆ ಹೇಳಿದ 1973ರ ವಿಧಾನದಲ್ಲೂ ಮನೆಯವರ ಪಾತ್ರವಿದೆ: ಮಗು ಆ ಅಭ್ಯಾಸದಿಂದ ದೂರವಿದ್ದ ದಿನ ಅದನ್ನು ಗುರುತಿಸಿ ಮೆಚ್ಚಬೇಕು. ಅದಕ್ಕೆ ಪುಸ್ತಕ ಬಿಚ್ಚಬೇಕಾಗಿಲ್ಲ, ಮಗುವಿನ ಉಗುರು ನೋಡಿದರೆ ಸಾಕು. ಮಗು ತಾನಾಗಿ ತೋರಿಸಿದರೆ ಖಂಡಿತ ಓದಿ. ಓದಿದ ಮೇಲೆ ಆ ದಿನ ಏನೂ ಹೇಳದಿರುವುದು ಕಷ್ಟ, ಆದರೂ ಒಳ್ಳೆಯದು.

ಮೂರು ವಾರವಾದರೂ ಬದಲಾವಣೆ ಕಾಣಲಿಲ್ಲ ಎಂದು ಮನವಿಯಲ್ಲಿದೆ. ಇಪ್ಪತ್ತೊಂದು ದಿನದಲ್ಲಿ ಅಭ್ಯಾಸ ಬದಲಾಗುತ್ತದೆಂಬ ಮಾತು ವಾಟ್ಸಾಪ್‌ನಲ್ಲಿ ಓಡಾಡುತ್ತಿರುತ್ತದೆ. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನಲ್ಲಿ 96 ಮಂದಿಯ ಮೇಲೆ ನಡೆದು 2010ರಲ್ಲಿ ಅಚ್ಚಾದ ಅಧ್ಯಯನದಲ್ಲಿ, ಹೊಸ ಅಭ್ಯಾಸವೊಂದು ತಾನಾಗಿ ನಡೆಯುವಷ್ಟು ನೆಲೆಗೊಳ್ಳಲು ಸರಾಸರಿ 66 ದಿನ ಹಿಡಿದಿತ್ತು. ವ್ಯಕ್ತಿಯಿಂದ ವ್ಯಕ್ತಿಗೆ ಅದು 18ರಿಂದ 254 ದಿನಗಳವರೆಗೆ ಬದಲಾಗುತ್ತಿತ್ತು. ಅದು ಹೊಸದನ್ನು ಕಟ್ಟುವ ಲೆಕ್ಕ. ಹಳೆಯದನ್ನು ಬಿಡುವುದು ಅದಕ್ಕಿಂತ ಸುಲಭವೆಂದು ನನಗಂತೂ ತೋರುವುದಿಲ್ಲ.

ಈ ಪುಸ್ತಕ ಚಿಕಿತ್ಸೆಯಲ್ಲ ಎಂಬುದನ್ನೂ ಹೇಳಬೇಕು. ಮಗು ನಿದ್ದೆ, ಊಟ ಬಿಟ್ಟಿದ್ದರೆ, ಯಾರೊಡನೆಯೂ ಮಾತನಾಡದೆ ಕೂರುತ್ತಿದ್ದರೆ, ಮೊಬೈಲ್ ಕಿತ್ತುಕೊಂಡಾಗ ಕೈಮೀರಿ ವರ್ತಿಸುತ್ತಿದ್ದರೆ ವೈದ್ಯರನ್ನು ಕಾಣಬೇಕು. ಸರ್ಕಾರದ ಮಾನಸಿಕ ಆರೋಗ್ಯದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಉಚಿತವಾಗಿ ಕರೆ ಮಾಡಬಹುದು. ಮೊಬೈಲ್ ಮತ್ತು ಇಂಟರ್ನೆಟ್ ಗೀಳಿಗೆಂದೇ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ 2014ರಿಂದ ಪ್ರತ್ಯೇಕ ಕ್ಲಿನಿಕ್ ಇದೆ. ಮಗುವಿಗೆ ಅಪಾಯವಿದೆಯೆಂದು ನಮಗೆ ಯಾವುದೇ ರೀತಿಯಲ್ಲಿ ತಿಳಿದುಬಂದರೆ, ಗುಟ್ಟು ಕಾಯುವ ಮಾತು ಅಲ್ಲಿಗೆ ನಿಲ್ಲುತ್ತದೆ; ಅದೇ ದಿನ ತಮಗೆ ಕರೆ ಬರುತ್ತದೆ.

ಆದ್ದರಿಂದ ಗಮನದ ಪುಸ್ತಕ ಮುಂದುವರಿಯುತ್ತದೆ. ವಾರ್ಷಿಕ ಪರೀಕ್ಷೆಯ ಹಿಂದಿನ ತಿಂಗಳು ಮಾತ್ರ ಇರುವುದಿಲ್ಲ.

ಮಗುವಿನ ಚೀಲದಲ್ಲಿರುವ ಆ ಪುಸ್ತಕವನ್ನು ದಯವಿಟ್ಟು ತೆರೆಯಬೇಡಿ.

ಇನ್ನೂ ಅಸಮಾಧಾನವಿರುವವರು, ವಿಶೇಷವಾಗಿ ಮನವಿಗೆ ಸಹಿ ಹಾಕಿದ ಹದಿನಾಲ್ಕು ಮಂದಿ, ಗುರುವಾರ ಸಂಜೆ 4.30ರ ನಂತರ ನನ್ನ ಕೊಠಡಿಗೆ ಬರಬಹುದು. ತಂದೆ, ತಾಯಿ ಇಬ್ಬರೂ ಬಂದರೆ ಸಂತೋಷ. ಚಹಾ ಇರುತ್ತದೆ, ಗಣಿತ ಶಿಕ್ಷಕರೂ ಇರುತ್ತಾರೆ.

ತಮ್ಮ ವಿಶ್ವಾಸಿ,
ಮುಖ್ಯ ಶಿಕ್ಷಕರು