ಪ್ಯಾಚ್ ಟಿಕೆಟ್ ಬೋರು ಅಂದ್ಯಲ್ಲ, ಅದಕ್ಕೆ

ಚಿ. ಪುಟ್ಟಿಗೆ ಮಾವನ ಆಶೀರ್ವಾದ. ಈ ಕಡೆ ಎಲ್ಲಾ ಕ್ಷೇಮ, ನಿಮ್ಮತ್ತೆ ಮಂಡಿನೋವು ಒಂದು ಬಿಟ್ರೆ.

ಮೊನ್ನೆ ಫೋನಲ್ಲಿ ಗೊಣಗ್ತಿದ್ದೆ, ಸೆಕ್ಯುರಿಟಿ ಟೀಮು ಅಂತ ಸೇರಿಸ್ಕೊಂಡು ಬರೀ ಪ್ಯಾಚ್ ಟಿಕೆಟ್ (ಸಾಫ್ಟ್‌ವೇರಿನ ತೂತು ಮುಚ್ಚೋ ಅಪ್‌ಡೇಟ್ ಹಾಕು ಅನ್ನೋ ಕೆಲ್ಸದ ಚೀಟಿ) ಕೊಡ್ತಾರೆ ಮಾವ, ಹ್ಯಾಕಿಂಗ್ ಕಲಿಯೋಣ ಅಂತ ಬಂದ್ರೆ ಗುಮಾಸ್ತರ ಕೆಲ್ಸ ಅಂತ. ಆಗ ನಾನೇನೂ ಅನ್ಲಿಲ್ಲ, ನಿಮ್ಮಮ್ಮ ಪಕ್ಕದಲ್ಲೇ ಇದ್ಲು. ಈಗ ಬರೀತಿದೀನಿ, ಸ್ವಲ್ಪ ಉದ್ದ ಆಗತ್ತೆ, ಓದು.

ನೀನು ಹೇಳ್ತಿದ್ಯಲ್ಲ ರಿಮೋಟ್ ಕೋಡ್ ಎಕ್ಸಿಕ್ಯೂಷನ್ನು, ಅಂದ್ರೆ ದೂರದಲ್ಲಿ ಕೂತು ಬೇರೆಯವರ ಕಂಪ್ಯೂಟರಲ್ಲಿ ತನ್ನ ಕೋಡು ಓಡಿಸೋದು, ಅದರ ಮೂಲದಲ್ಲಿ ಅಂಥಾ ಮಾಯ ಏನೂ ಇಲ್ಲ. ಹೊರಗಿಂದ ಬಂದ ಡೇಟಾನ ಓದ್ಕೊಂಡು ಸುಮ್ನಿರಬೇಕಾದ ಪ್ರೋಗ್ರಾಮು ಅದನ್ನೇ ಅಪ್ಪಣೆ ಅಂತ ತಿಳ್ಕೊಂಡು ನಡೆಸಿಬಿಡತ್ತೆ, ಅರ್ಜಿ ತಗೊಳ್ಳೋ ಗುಮಾಸ್ತ ಅರ್ಜಿಯಲ್ಲಿ 'ಬೀರು ತೆಗಿ' ಅಂತ ಬರೆದಿದ್ರೆ ಎದ್ದು ಹೋಗಿ ಬೀರು ತೆಗೆದಂಗೆ. 2017ರಲ್ಲಿ ಅಪಾಚೆ ಸ್ಟ್ರಟ್ಸ್ ಅನ್ನೋ, ವೆಬ್‌ಸೈಟ್ ಕಟ್ಟೋಕೆ ಬಳಸೋ ಸಾಫ್ಟ್‌ವೇರಲ್ಲಿ ಸಿಕ್ಕಿದ್ದು ಇದೇ. ಫೈಲ್ ಅಪ್‌ಲೋಡ್ ಮಾಡುವಾಗ ಬರೋ ಕಂಟೆಂಟ್-ಟೈಪ್ ಹೆಡರ್ (ಬರ್ತಿರೋ ಡೇಟಾ ಯಾವ ಬಗೆಯದು ಅಂತ ಹೇಳೋ ಸಾಲು) ತಪ್ಪಾಗಿದ್ರೆ ಸ್ಟ್ರಟ್ಸು ಎರರ್ ಮೆಸೇಜ್ ತಯಾರು ಮಾಡ್ತಿತ್ತು, ಆ ತಪ್ಪು ಪಠ್ಯಾನೂ ಮೆಸೇಜಿಗೆ ಸೇರಿಸ್ಕೊಳ್ತಿತ್ತು, ಆಮೇಲೆ ಅದರೊಳಗೆ ಏನಾದ್ರೂ ಎಕ್ಸ್‌ಪ್ರೆಶನ್, ಅಂದ್ರೆ ಕೋಡಿನ ತುಣುಕು, ಇದ್ರೆ ಅದನ್ನೂ ರನ್ ಮಾಡಿಬಿಡ್ತಿತ್ತು! ಲಾಗಿನ್ ಬೇಡ, ಪಾಸ್‌ವರ್ಡ್ ಬೇಡ, ಒಂದೇ ಒಂದು ರಿಕ್ವೆಸ್ಟ್ ಸಾಕು.

ಮಾರ್ಚ್ 7ಕ್ಕೆ ಪ್ಯಾಚ್ ಬಂತು. ಪ್ಯಾಚ್ ಬಂದ ದಿನ ಎಲ್ಲಾ ಸರಿಹೋಯ್ತು ಅಂತ ತಿಳ್ಕೋಬೇಡ, ಓಟ ಶುರುವಾಗೋದೇ ಅವತ್ತು, ಯಾಕಂದ್ರೆ ಹಳೇ ಕೋಡು ಹೊಸ ಕೋಡು ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದ್ರೆ ತೂತು ಎಲ್ಲಿತ್ತು ಅಂತ ಯಾರಿಗೆ ಬೇಕಾದ್ರೂ ಗೊತ್ತಾಗತ್ತೆ. ಅಮೆರಿಕದ ಈಕ್ವಿಫ್ಯಾಕ್ಸ್ ಕಂಪನಿ, ಜನರ ಸಾಲದ ಜಾತಕ ಇಟ್ಕೊಂಡಿರೋರು, ಅವರ ಒಂದು ಪೋರ್ಟಲನ್ನ ಮಾರ್ಚ್ 10ರ ಹೊತ್ತಿಗೇ ಯಾರೋ ತಟ್ಟಿ ನೋಡಿ ಹೋಗಿದ್ರು.

ಕಂಪನಿಗೆ ವಿಷಯ ಗೊತ್ತಿರಲಿಲ್ವಾ? ಗೊತ್ತಿತ್ತು ಕಣೇ. ಮಾರ್ಚ್ 9ಕ್ಕೆ 400ಕ್ಕೂ ಹೆಚ್ಚು ಜನಕ್ಕೆ ಮೇಲ್ ಹೋಗಿತ್ತು, 48 ಗಂಟೆಯೊಳಗೆ ಪ್ಯಾಚ್ ಹಾಕಿ ಅಂತ. ಆ ಪೋರ್ಟಲಲ್ಲಿ ಸ್ಟ್ರಟ್ಸ್ ಇದೆ ಅಂತ ಗೊತ್ತಿದ್ದ ಡೆವಲಪರ್ ಆ ಲಿಸ್ಟಲ್ಲೇ ಇರಲಿಲ್ಲ. ಆಮೇಲೆ ತೂತು ಹುಡುಕೋ ಸ್ಕ್ಯಾನ್ ಓಡಿಸಿದ್ರು, ಅದು ಸಬ್ ಡೈರೆಕ್ಟರಿ ಒಳಗೆ ಇಣುಕಲೇ ಇಲ್ಲ, ಏನೂ ಸಿಗಲಿಲ್ಲ ಅಂತ ಎಲ್ರೂ ಆರಾಮಾದ್ರು.

ಮೇ ತಿಂಗಳಲ್ಲಿ ಕಳ್ಳರು ಒಳಗೆ ಬಂದ್ರು. ಒಳಗೆ ಬಂದಮೇಲೆ ಏನ್ ಮಾಡ್ತಾರೆ ಅನ್ನೋದನ್ನ ನೀನು ಗಮನ ಇಟ್ಟು ನೋಡ್ಬೇಕು, ತೂತಿನ ಕತೆ ಎಲ್ರೂ ಹೇಳ್ತಾರೆ, ಇದನ್ನ ಯಾರೂ ಹೇಳಲ್ಲ. ಮೊದಲು ವೆಬ್ ಶೆಲ್ (ಹೊರಗಿಂದಲೇ ಸರ್ವರಿಗೆ ಅಪ್ಪಣೆ ಕೊಡೋಕೆ ಬಚ್ಚಿಟ್ಟ ಪುಟ್ಟ ಪ್ರೋಗ್ರಾಮು) ಬಿಟ್ಟು ವಾಪಸ್ ಬರೋ ದಾರಿ ಗಟ್ಟಿ ಮಾಡ್ಕೊಂಡ್ರು, ಆಮೇಲೆ ನಿಧಾನಕ್ಕೆ ತಡಕಾಡಿದ್ರು, ಒಂದು ಫೈಲಲ್ಲಿ ಯೂಸರ್‌ನೇಮ್ ಪಾಸ್‌ವರ್ಡ್ ಎನ್‌ಕ್ರಿಪ್ಟ್ ಇಲ್ದೆ ಹಂಗೇ ಬಿದ್ದಿತ್ತು. ಆ ಪೋರ್ಟಲಿಗೆ ಬೇಕಿದ್ದದ್ದು ಮೂರು ಡೇಟಾಬೇಸ್, ಅವರ ಕೈಗೆ ಸಿಕ್ಕಿದ್ದು ಇನ್ನೂ 48. ಒಳಗೆ ಹೊರಗೆ ಹೋಗೋ ಡೇಟಾ ನೋಡೋ ಉಪಕರಣ ಇತ್ತು, ಆದ್ರೆ ಎನ್‌ಕ್ರಿಪ್ಟ್ ಆದ ಡೇಟಾ ಬಿಚ್ಚಿ ನೋಡೋಕೆ ಅದಕ್ಕೆ ಬೇಕಿದ್ದ ಡಿಜಿಟಲ್ ಸರ್ಟಿಫಿಕೇಟ್ ಎಕ್ಸ್‌ಪೈರ್ ಆಗಿ ತಿಂಗಳುಗಟ್ಟಲೆ ಕುರುಡಾಗಿ ಕೂತಿತ್ತು. ಜುಲೈ 29ಕ್ಕೆ ಸರ್ಟಿಫಿಕೇಟ್ ಬದಲಾಯಿಸಿದ್ದೇ ತಡ, ಕಳ್ಳರು ಕಣ್ಣಿಗೆ ಬಿದ್ರು. ಅಷ್ಟರಲ್ಲಿ 14.7 ಕೋಟಿ ಜನರ ಮಾಹಿತಿ ಹೋಗಿತ್ತು. ಸಿಇಒ ಸಾಹೇಬ್ರು ಹುದ್ದೆ ಬಿಟ್ಟು ಹೋಗಿ ಸಂಸತ್ತಿನ ಮುಂದೆ ಒಬ್ಬ ನೌಕರನ ಕಡೆ ಬೆರಳು ತೋರಿಸಿದ್ರು, ನನಗೆ ಅದಂತೂ ಸರಿ ಅನ್ನಿಸಲೇ ಇಲ್ಲ. ಒಬ್ಬ ಮರೆತ್ರೆ ಕಂಪನಿನೇ ಮುಳುಗೋ ಹಂಗೆ ವ್ಯವಸ್ಥೆ ಇಟ್ಕೊಂಡಿದ್ದು ಯಾರು?

ಈಗ ಹೇಳು, ಈ ಕತೆಯಲ್ಲಿ ಗುಮಾಸ್ತರ ಕೆಲ್ಸ ಅಲ್ಲದ್ದು ಯಾವ್ದು?

ಇನ್ನೊಂದು, 2021ರ ಡಿಸೆಂಬರ್‌ನಲ್ಲಿ ಲಾಗ್4ಜೆ ಅನ್ನೋ ಲೈಬ್ರರಿಲಿ (ಬೇರೆ ಪ್ರೋಗ್ರಾಮುಗಳು ಎರವಲು ತಂದು ಬಳಸೋ ಸಿದ್ಧ ಕೋಡು) ಇಂಥದೇ ತೂತು ಸಿಕ್ಕಿ ಗಲಾಟೆ ಆಯ್ತಲ್ಲ, ಆಗ ಎಷ್ಟೋ ಕಡೆ ಪ್ಯಾಚ್ ಹಾಕೋದಕ್ಕಿಂತ ಆ ಲೈಬ್ರರಿ ನಮ್ಮ ಹತ್ರ ಎಲ್ಲೆಲ್ಲಿದೆ ಅಂತ ಹುಡುಕೋದೇ ದೊಡ್ಡ ತಲೆನೋವಾಗಿತ್ತು, ಒಂದು ಲೈಬ್ರರಿ ಹೊಟ್ಟೇಲಿ ಇನ್ನೊಂದು ಅದರ ಹೊಟ್ಟೇಲಿ ಮತ್ತೊಂದು. ಹಾಗಾಗಿ ಟಿಕೆಟ್ ಬಂದಾಗ ಆ ಸರ್ವರಲ್ಲಿ ಏನೇನು ಓಡ್ತಿದೆ, ಅದರ ಯಜಮಾನ ಯಾರು ಅಂತ ಬರೆದಿಟ್ಕೋ. ಟಿಕೆಟ್ ಕ್ಲೋಸ್ ಮಾಡೋ ಮುಂಚೆ ವರ್ಷನ್ ನಂಬರ್ ನಿನ್ನ ಕಣ್ಣಾರೆ ನೋಡು, 'ಡನ್' ಅಂತ ಯಾರೋ ಬರೆದ್ರು ಅಂತ ನಂಬಬೇಡ. ಆ ಸರ್ವರಿಂದ ಇಂಟರ್ನೆಟ್‌ಗೆ ಹೊರಗೆ ಹೋಗೋ ದಾರಿ ನಿಜವಾಗ್ಲೂ ಬೇಕಾ ಅಂತ ಕೇಳು, ಬೈದ್ರೂ ಕೇಳು.

ಹ್ಯಾಕಿಂಗ್ ಕಲಿ, ಬೇಡ ಅನ್ನಲ್ಲ. ನಿನ್ನ ಲ್ಯಾಪ್‌ಟಾಪಲ್ಲಿ ವರ್ಚುವಲ್ ಮಷಿನ್ (ಕಂಪ್ಯೂಟರೊಳಗೇ ಓಡೋ ಇನ್ನೊಂದು ನಕಲಿ ಕಂಪ್ಯೂಟರು) ಹಾಕ್ಕೊಂಡು ಎಷ್ಟು ಬೇಕಾದ್ರೂ ಒಡಿ. ಬೇರೆಯವರ ಸೈಟನ್ನ ಅನುಮತಿ ಇಲ್ದೆ 'ಸುಮ್ನೆ ಟೆಸ್ಟ್' ಅಂತ ಮುಟ್ಟಬೇಡ, ಮೋಸದ ಉದ್ದೇಶದಿಂದ ಮಾಡಿದ್ದು ಅಂತ ಸಾಬೀತಾದ್ರೆ ಐಟಿ ಕಾಯ್ದೆ 66ನೇ ಸೆಕ್ಷನ್ನಲ್ಲಿ ಮೂರು ವರ್ಷದವರೆಗೂ ಜೈಲಿದೆ, ಆಮೇಲೆ ನಿಮ್ಮಮ್ಮಂಗೆ ಉತ್ತರ ಹೇಳೋನು ನಾನು.

ಸೋಮವಾರ ಆಫೀಸಿಗೆ ಹೋದ್ಮೇಲೆ ನಿಮ್ಮ ಪ್ಯಾಚ್ ಮೇಲ್ ಯಾರ್ಯಾರಿಗೆ ಹೋಗತ್ತೆ ಅಂತ ಲಿಸ್ಟ್ ತೆಗೆಸಿ ನೋಡು, ಅದರಲ್ಲಿ ಕೆಲ್ಸ ಬಿಟ್ಟೋದೋರು ಎಷ್ಟು ಜನ ಇದಾರೆ ಅಂತ ನನಗೆ ಫೋನ್ ಮಾಡಿ ಹೇಳು.

ಇಂತಿ,
ನಿನ್ನ ಮಾವ